ಸೊಳ್ಳೆಯ ಬೆನ್ನು ಹತ್ತಿದ ಡಾಕ್ಟರ್ ರಾಸ್

ಅಕ್ಕಲಕೋಟ: ಮಳೆ ಬಿದ್ದು ನಾಲ್ಕು ದಿನವಾಯಿತೆಂದರೆ ಸಾಕು, ಆರೋಗ್ಯ ಖಾತೆಯವರು ಕೈಯಲ್ಲಿ ಬ್ಯಾಟರಿ ಹಿಡಿದು ಮನೆಬಾಗಿಲಿಗೆ ಬರುತ್ತಾರೆ. ಸಿಮೆಂಟಿನ ಹೌದ, ಪ್ಲಾಸ್ಟಿಕ್ ಬ್ಯಾರೆಲ್, ರಾಂಜಣ ಎಲ್ಲದರಲ್ಲೂ ಬೆಳಕು ಬಿಟ್ಟು ನೋಡುತ್ತಾರೆ. ಒಳಗೆ ಹುಳ ಕುಣಿಯುವುದು ಕಂಡರೆ ನೀರು ಚೆಲ್ಲಿರಿ, ವಾರಕ್ಕೊಮ್ಮೆ ‘ಕೋರಡಾ ದಿವಸ’ ಪಾಲಿಸಿರಿ ಎಂದು ಹೇಳಿ ಮುಂದಿನ ಮನೆಗೆ ನಡೆಯುತ್ತಾರೆ. ನಳದ ನೀರಿಗಾಗಿ ದಿನಗಟ್ಟಲೆ ಕಾಯುವ ಮನೆಯಲ್ಲಿ, ತುಂಬಿಟ್ಟ ನೀರು ಚೆಲ್ಲು ಎಂದರೆ ಯಾವ ತಾಯಿಗೆ ಮನಸ್ಸು ಬಂದೀತು? ಅವರು ಓಣಿ ದಾಟುತ್ತಲೇ ಬ್ಯಾರೆಲ್ಲಿನ ಮುಚ್ಚಳ ಮತ್ತೆ ಬೀಳುತ್ತದೆ. ಹುಳ ಒಳಗೇ ಉಳಿಯುತ್ತದೆ.

ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು, ಸೊಳ್ಳೆಗೂ ಜ್ವರಕ್ಕೂ ಇರುವ ಗಂಟನ್ನು ಬಿಚ್ಚಿದವರು, ಆಮೇಲೆ ಮೂವತ್ತು ವರ್ಷ ಅದನ್ನೇ ಸರಕಾರಗಳಿಗೆ ಹೇಳುತ್ತ ಹೇಳುತ್ತ ಮುದುಕರಾದವರು ಸರ್ ರೊನಾಲ್ಡ್ ರಾಸ್. ಶಾಲೆಯ ಪುಸ್ತಕದಲ್ಲಿ ಅವರಿಗೆ ಸಿಗುವುದು ಒಂದೇ ಸಾಲು. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ಪತ್ತೆ ಹಚ್ಚಿದರು, 1902ರಲ್ಲಿ ನೊಬೆಲ್ ಪಡೆದರು, ಮುಗಿಯಿತು. ಆದರೆ ಆ ಪತ್ತೆಯ ಕೆಲಸದ ದೊಡ್ಡ ಭಾಗ ನಡೆದದ್ದು ಬೆಂಗಳೂರು, ಊಟಿ, ಸಿಕಂದರಾಬಾದ್‌ಗಳಲ್ಲಿ. ಅಂದರೆ ಗಡಿನಾಡ ಕನ್ನಡಿಗರು ದಿನಾ ಬಸ್ಸು, ರೈಲು ಹತ್ತಿ ಓಡಾಡುವ ಊರುಗಳಲ್ಲಿ.

ಕವಿಯಾಗಬೇಕೆಂದಿದ್ದವರು

ರಾಸ್ ಹುಟ್ಟಿದ್ದು ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ, 1857ರ ಮೇ 13ರಂದು. ಅದಕ್ಕೆ ಮೂರೇ ದಿನ ಮೊದಲು ಮೀರತ್‌ನಲ್ಲಿ ಸಿಪಾಯಿಗಳ ದಂಗೆ ಎದ್ದಿತ್ತು. ತಂದೆ ಇಂಗ್ರಜಿ ದಂಡಿನ ಅಧಿಕಾರಿ, ಮುಂದೆ ಜನರಲ್ ಆದವರು. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೇ ವಯಸ್ಸಿಗೆ ಇಂಗ್ಲೆಂಡಿಗೆ ಕಳಿಸಿದರು. ಹುಡುಗನಿಗೆ ಕವಿತೆ, ಚಿತ್ರ, ಸಂಗೀತದ ಹುಚ್ಚು. ತಂದೆಗೆ ಮಗ ಡಾಕ್ಟರಾಗಿ ಭಾರತದ ವೈದ್ಯಕೀಯ ಸೇವೆ ಸೇರಬೇಕೆಂಬ ಹಟ. ಕೊನೆಗೆ ತಂದೆಯ ಮಾತೇ ಗೆದ್ದಿತು. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ದವಾಖಾನೆಯ ಕಾಲೇಜಿಗೆ ಸೇರಿದರೂ ಓದಿದ್ದಕ್ಕಿಂತ ನಾಟಕ ಬರೆದದ್ದೇ ಹೆಚ್ಚು. ಒಂದು ಪರೀಕ್ಷೆ ಡುಮ್ಕಿ ಹೊಡೆದು, ಕೆಲಕಾಲ ಹಡಗಿನ ಡಾಕ್ಟರಾಗಿ ದುಡಿದು, ಮತ್ತೆ ಕೂತು ಪಾಸಾಗಿ 1881ರಲ್ಲಿ ಸೇವೆಗೆ ಸೇರಿ ಮದ್ರಾಸ್ ಪ್ರಾಂತಕ್ಕೆ ಬಂದರು.

ಕಿಟಕಿ ಹೊರಗಿನ ಬ್ಯಾರೆಲ್

1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕೆ ಹಾಕಿದರು. ಹವೆ ಚೆಂದ, ಬಂಗಲೆ ಚೆಂದ, ಆದರೆ ಗುಂಗಾಡಿನ ಕಾಟ ಮಾತ್ರ ವಿಪರೀತ. ಅದರಲ್ಲೂ ಉಳಿದವರ ಕೋಣೆಗಿಂತ ರಾಸ್ ಕೋಣೆಯಲ್ಲೇ ಸೊಳ್ಳೆ ಹೆಚ್ಚು. ಇದೇನು ಎಂದು ಹುಡುಕುತ್ತ ಹೋದರೆ ಕಿಟಕಿಯ ಹೊರಗೇ ನೀರು ತುಂಬಿದ ಒಂದು ಮರದ ಬಾನಿ ಕಂಡಿತು. ಬಗ್ಗಿ ನೋಡಿದರೆ ಒಳಗೆಲ್ಲ ಹುಳ. ಬಾನಿಯನ್ನು ಬೋರಲು ಹಾಕಿಸಿದರು. ಕೆಲವು ದಿನಕ್ಕೆ ಕೋಣೆಯ ಸೊಳ್ಳೆ ಕಡಿಮೆಯಾದವು.

ಆಗ ಅವರಿಗೆ ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವಿದೆ ಎಂಬುದು ಗೊತ್ತೇ ಇರಲಿಲ್ಲ. ಕಾಟ ತಪ್ಪಿತು ಎಂಬಷ್ಟೇ ಸಮಾಧಾನ. ಇದೇ ಉಪಾಯವನ್ನು ಅಧಿಕಾರಿಗಳ ಊಟದ ಮನೆಯಲ್ಲೂ ಮಾಡೋಣ, ಅಲ್ಲಿನ ಡಬ್ಬಿ, ಬಾನಿ, ಹೂದಾನಿಯ ನೀರೆಲ್ಲ ಚೆಲ್ಲಿಸೋಣ ಎಂದು ಅಲ್ಲಿಯ ಅಜುಟೆಂಟ್‌ಗೆ ಹೇಳಿದರು. ಅವರು ಒಪ್ಪಲಿಲ್ಲ. ಸೊಳ್ಳೆಯನ್ನೂ ಯಾವುದೋ ಕಾರಣಕ್ಕೆ ಸೃಷ್ಟಿ ಮಾಡಿದ್ದಾರೆ, ಸಹಿಸಿಕೊಳ್ಳುವುದೇ ನಮ್ಮ ಧರ್ಮ, ಪ್ರಕೃತಿಯ ಕ್ರಮ ಕೆಡಿಸಬಾರದು ಎಂದುಬಿಟ್ಟರಂತೆ. ರಾಸ್ ಬದುಕಿನುದ್ದಕ್ಕೂ ಇಂಥ ಅಜುಟೆಂಟ್‌ಗಳು ಸಿಗುತ್ತಲೇ ಹೋದರು. ಕೆಲವರು ಅವರಿಗಿಂತ ದೊಡ್ಡ ಕುರ್ಚಿಯಲ್ಲಿದ್ದರು, ಅಷ್ಟೇ ಫರಕು.

ಮುಂದೆ ಬರ್ಮಾ ಯುದ್ಧ, ಅಂಡಮಾನ್, ರಜೆ ಮೇಲೆ ಲಂಡನ್, ಅಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ, 1889ರಲ್ಲಿ ರೋಸಾ ಬ್ಲಾಕ್ಸಮ್ ಅವರೊಂದಿಗೆ ಮದುವೆ, ಮತ್ತೆ ಬೆಂಗಳೂರು. ನಡುವೆ ಕಾದಂಬರಿ, ಕವಿತೆ, ಗಣಿತ ಎಲ್ಲ ನಡೆದೇ ಇತ್ತು.

ಕೆಟ್ಟ ಗಾಳಿಯ ಕಾಲ

ಆಗಿನ ಕಾಲದಲ್ಲಿ ಚಳಿಜ್ವರ ಬರುವುದು ಜೌಗು ನೆಲದ ಕೆಟ್ಟ ಗಾಳಿಯಿಂದ ಎಂದೇ ತಿಳಿದಿದ್ದರು. ಮಲೇರಿಯಾ ಎಂಬ ಇಟಲಿಯ ಶಬ್ದದ ಅರ್ಥವೇ ಕೆಟ್ಟ ಗಾಳಿ. ಮರಾಠಿಯಲ್ಲಿ ಹಿವತಾಪ ಅನ್ನುವುದು ಇದಕ್ಕಿಂತ ವಾಸಿ, ಕಾರಣ ಹೇಳುವುದಿಲ್ಲ, ಹಿವ ಅಂದರೆ ಚಳಿ, ತಾಪ ಅಂದರೆ ಜ್ವರ ಅಂತಷ್ಟೇ ಹೇಳುತ್ತದೆ. 1880ರಲ್ಲಿ ಫ್ರೆಂಚ್ ದಂಡಿನ ಡಾಕ್ಟರ್ ಲಾವೆರಾನ್ ಆಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಿಯನ್ನು ಕಂಡರು. ರಾಸ್ ಮೊದಮೊದಲು ಅದನ್ನು ನಂಬಲೇ ಇಲ್ಲ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ನಂಬಿದರು. ಆನೆಕಾಲು ರೋಗದ ಹುಳ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಮ್ಯಾನ್ಸನ್ ಚೀನಾದಲ್ಲಿ ಮೊದಲೇ ಕಂಡಿದ್ದರು. ಮಲೇರಿಯಾವೂ ಹಾಗೇ ಇರಬಹುದು, ಭಾರತಕ್ಕೆ ಹೋಗಿ ನೋಡು ಎಂದು ಬೆನ್ನು ತಟ್ಟಿ ಕಳಿಸಿದರು.

1895ರಲ್ಲಿ ಸಿಕಂದರಾಬಾದ್‌ಗೆ ಬಂದ ರಾಸ್ ಸೊಳ್ಳೆ ಕೊಯ್ಯಲು ಕೂತರು. ಮ್ಯಾನ್ಸನ್ ಒಂದು ತಪ್ಪು ದಾರಿಯನ್ನೂ ತೋರಿಸಿದ್ದರು. ಸೊಳ್ಳೆ ನೀರಿನಲ್ಲಿ ಸಾಯುತ್ತದೆ, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂಬುದು ಅವರ ಊಹೆ. ಸೊಳ್ಳೆ ಸತ್ತ ನೀರನ್ನು ಕೆಲವರಿಗೆ ಕುಡಿಸಿಯೂ ನೋಡಿದರು. ಇಂದಿನ ಕಾಲಕ್ಕೆ ಒಪ್ಪುವ ಕೆಲಸವಲ್ಲ ಅದು. ಅದರಿಂದ ಏನೂ ಸಾಬೀತಾಗಲೂ ಇಲ್ಲ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಎದ್ದಿತು. ಸೊಳ್ಳೆ ಬಿಟ್ಟು ಅಲ್ಲಿಗೆ ಹೋಗು ಎಂದು ಹುಕುಂ ಬಂತು. ಬಾವಿ, ಗಟಾರ, ಓಣಿ, ಹಿತ್ತಲು ಸುತ್ತಿ ದಂಡಿನ ಪ್ರದೇಶದ ಸ್ವಚ್ಛತೆಯ ಮೇಲೆ 1896ರಲ್ಲಿ ದೊಡ್ಡ ವರದಿ ಬರೆದರು. ಸಂಶೋಧನೆಗೆ ಕುತ್ತು ಬಂತೆಂದು ಕೊರಗಿದರೂ ಊರು ಸ್ವಚ್ಛ ಇಡುವ ಕೆಲಸದ ಒಳಹೊರಗು ತಿಳಿದದ್ದು ಇಲ್ಲಿಯೇ. ಯಾರು ಗುಡಿಸಬೇಕು, ಯಾರು ನೋಡಬೇಕು, ಪಗಾರ ಯಾರು ಕೊಡಬೇಕು, ಇವೆಲ್ಲ ಆಮೇಲೆ ಉಪಯೋಗಕ್ಕೆ ಬಂದವು.

ಸೀಗೂರಿನ ಜ್ವರ

1897ರ ಬೇಸಿಗೆಯಲ್ಲಿ ರಜೆ ಹಾಕಿ ಊಟಿಗೆ ಹೋದರು. ಅಲ್ಲಿಂದ ಮಸಿನಗುಡಿ ಕಡೆ ಇಳಿಯುವ ಸೀಗೂರು ಘಾಟ್ ಮಲೇರಿಯಾಕ್ಕೆ ಹೆಸರಾದ ಜಾಗ. ನೋಡಿಯೇ ಬರೋಣವೆಂದು ಇಳಿದರು. ಸೊಳ್ಳೆ ಪರದೆ ಕಟ್ಟಿಕೊಂಡು ಹುಷಾರಾಗಿಯೇ ಮಲಗಿದರೂ ಮೂರು ದಿನಕ್ಕೆ ಚಳಿಜ್ವರ ಹಿಡಿಯಿತು. ಕ್ವಿನೈನ್ ನುಂಗಿ ಎದ್ದರು. ಸೊಳ್ಳೆ ಕಚ್ಚಿ ಹತ್ತು ಹನ್ನೆರಡು ದಿನವಾದರೂ ಬೇಕು ಮಲೇರಿಯಾ ಏಳಲು, ಇದು ಇಂದು ಗೊತ್ತು. ಹಾಗಾಗಿ ಅವರಿಗೆ ಕಚ್ಚಿದ್ದು ಅದಕ್ಕೂ ಮೊದಲೇ, ಬೇರೆಡೆ ಇರಬೇಕು.

ಆದರೆ ಸೀಗೂರಿನ ಗೋಡೆಯ ಮೇಲೆ ಅವರು ಒಂದು ಹೊಸ ಸೊಳ್ಳೆ ಕಂಡರು. ರೆಕ್ಕೆ ಮೇಲೆ ಚುಕ್ಕೆ. ಕೂರುವ ರೀತಿಯೂ ಬೇರೆ, ತಲೆ ಕೆಳಗೆ, ಬಾಲ ಮೇಲೆ. ಎರಡು ವರ್ಷದಿಂದ ಅವರು ಕೊಯ್ಯುತ್ತಿದ್ದದ್ದು ಬೂದು ಮತ್ತು ಪಟ್ಟೆ ಸೊಳ್ಳೆಗಳನ್ನು. ಅವುಗಳಲ್ಲಿ ಮಲೇರಿಯಾ ಬೆಳೆಯುವುದಿಲ್ಲ. ಇಲ್ಲದ ಮನೆಯ ಬಾಗಿಲು ಬಡಿಯುತ್ತ ಕೂತಂತಾಗಿತ್ತು.

ಒಂದು ಸೊಳ್ಳೆಗೆ ಒಂದಾಣೆ

ಜೂನ್‌ನಲ್ಲಿ ಮತ್ತೆ ಸಿಕಂದರಾಬಾದ್, ಬೇಗಂಪೇಟೆಯ ದವಾಖಾನೆ. ಆಗಸ್ಟ್‌ನಲ್ಲಿ ಕೆಲಸದಾಳು ತಂದ ಹುಳಗಳನ್ನು ಬಾಟಲಿಯಲ್ಲಿಟ್ಟರೆ ಅದೇ ಚುಕ್ಕೆ ರೆಕ್ಕೆಯ ಸೊಳ್ಳೆಗಳು ಎದ್ದವು. 16ರಂದು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ ಅವುಗಳನ್ನು ಬಿಟ್ಟರು. ರಕ್ತ ಕುಡಿದ ಒಂದೊಂದು ಸೊಳ್ಳೆಗೆ ಒಂದಾಣೆ ಕೂಲಿ. ದಿನಕ್ಕೆ ಒಂದೋ ಎರಡೋ ಕೊಂದು ಕೊಯ್ದು ನೋಡುತ್ತ ಹೋದರು. ಸೆಖೆ ಭಯಂಕರ. ಪಂಖಾ ಎಳೆಸಿದರೆ ಸೊಳ್ಳೆಯ ತುಣುಕು ಹಾರಿಹೋದೀತೆಂದು ಅದೂ ಬೇಡ. ಹಣೆ ಮತ್ತು ಕೈಯ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದು ಕಣ್ಣುಗಾಜೂ ಬಿರುಕು ಬಿಟ್ಟಿತ್ತು.

ಆಗಸ್ಟ್ 20ರ ಮಧ್ಯಾಹ್ನ ಉಳಿದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಕೊಯ್ದಾಗ ಅದರ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶ ಕಂಡವು. ಒಳಗೆ ಮಲೇರಿಯಾ ಜೀವಿಯಲ್ಲಿ ಇರುವಂಥದೇ ಕಪ್ಪು ಕಣಗಳು. ಮರುದಿನ ಇನ್ನೊಂದನ್ನು ಕೊಯ್ದರು. ಕೋಶ ಇನ್ನೂ ದೊಡ್ಡದಾಗಿದ್ದವು. ಅಂದರೆ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿದೆ! ಅಂದು ಕವಿತೆಯನ್ನೂ ಬರೆದರು. ಆಗಸ್ಟ್ 20ನ್ನು ಸೊಳ್ಳೆ ದಿನ ಎಂದು ಕರೆದವರೂ ಅವರೇ, ಜಗತ್ತು ಇಂದಿಗೂ ಆಚರಿಸುತ್ತದೆ. ಆ ಸೊಳ್ಳೆಯ ಜಾತಿಗೆ ಅನಾಫಿಲಿಸ್ ಎಂದು ಹೆಸರು.

ಇಷ್ಟು ಕಂಡವರನ್ನು ಸರಕಾರ ಏನು ಮಾಡಿತು? ಮುಂದಿನ ತಿಂಗಳೇ ಎತ್ತಿ ರಜಪೂತಾನದ ಖೇರವಾಡಾಕ್ಕೆ ಹಾಕಿತು. ಅಲ್ಲಿ ಮಲೇರಿಯಾ ಸಿಗುವುದೇ ದುರ್ಲಭ! ಮ್ಯಾನ್ಸನ್ ಲಂಡನ್ನಿನಲ್ಲಿ ಓಡಾಡಿ 1898ರಲ್ಲಿ ಕಲಕತ್ತೆಗೆ ಕಳಿಸುವಂತೆ ಮಾಡಿದರು. ಅಲ್ಲಿ ಪ್ಲೇಗ್ ಸೂಜಿಯ ಭಯಕ್ಕೆ ರೋಗಿಗಳು ಬೆರಳು ಚುಚ್ಚಿಸಿಕೊಳ್ಳಲು ಒಪ್ಪಲಿಲ್ಲ. ರಾಸ್ ಹಕ್ಕಿಗಳ ಮಲೇರಿಯಾ ಹಿಡಿದರು. ಮಹಮ್ಮದ್ ಬಕ್ಷ್ ಎಂಬ ಸಹಾಯಕರು ಸೊಳ್ಳೆ ಸಾಕಿ, ಹಕ್ಕಿ ಹಿಡಿದು ಹಗಲಿರುಳು ಜತೆಗಿದ್ದರು. ಜುಲೈನಲ್ಲಿ ಜೀವಿಯು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬಂದು, ಕಚ್ಚಿದಾಗ ಮತ್ತೊಂದು ಹಕ್ಕಿಯ ರಕ್ತ ಸೇರುವುದು ಖಾತ್ರಿಯಾಯಿತು. ಮನುಷ್ಯರಲ್ಲಿ ಅದೇ ಸುತ್ತನ್ನು ಆ ವರ್ಷವೇ ತೋರಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು. ಗೌರವ ಯಾರಿಗೆ ಸೇರಬೇಕೆಂದು ರಾಸ್ ಮತ್ತು ಗ್ರಾಸ್ಸಿ ಬದುಕಿರುವತನಕ ಜಗಳಾಡಿದರು. ಇಬ್ಬರಿಗೂ ಅದು ಶೋಭೆ ತರಲಿಲ್ಲ.

ಎಲ್ಲ ಸೊಳ್ಳೆ ಕೊಲ್ಲಬೇಕಿಲ್ಲ

1899ರಲ್ಲಿ ರಾಸ್ ಭಾರತ ಬಿಟ್ಟು ಲಿವರ್‌ಪೂಲ್ ಸೇರಿದರು. ಅಲ್ಲಿಂದಾಚೆ ಅವರದು ಒಂದೇ ಜಪ: ನೀರು ನಿಲ್ಲಗೊಡಬೇಡಿ. ಆಫ್ರಿಕಾದ ಫ್ರೀಟೌನ್‌ನಲ್ಲಿ 1901ರಲ್ಲಿ ಕೂಲಿಗಳ ‘ಸೊಳ್ಳೆ ದಳ’ ಕಟ್ಟಿ ಮನೆಮನೆಯ ಹಿತ್ತಲಿನಿಂದ ಒಡಕು ಬಾಟಲಿ, ಖಾಲಿ ಡಬ್ಬಿಗಳನ್ನು ಗಾಡಿಗಟ್ಟಲೆ ಎತ್ತಿಸಿದರು. ದುಡ್ಡು ನಿಂತಿತು, ಕೆಲಸವೂ ನಿಂತಿತು. ಸುಯೆಜ್ ಕಾಲುವೆ ದಂಡೆಯ ಇಸ್ಮಾಯಿಲಿಯಾ ಊರಿನಲ್ಲಿ ಮಾತ್ರ ಬೇರೆ ಕಥೆ. 1902ರಲ್ಲಿ ಕಾಲುವೆ ಕಂಪನಿ ಅವರನ್ನು ಕರೆಸಿ, ಹೇಳಿದ್ದನ್ನು ಅಕ್ಷರಶಃ ಮಾಡಿತು. ಹೊಂಡ ತುಂಬಿಸಿದರು, ಮನೆಗಳ ಕೆಳಗಿನ ಕೊಳಚೆ ಗುಂಡಿಗಳಿಗೆ ತಪ್ಪದೆ ಎಣ್ಣೆ ಬಿಟ್ಟರು. ಕೆಲವೇ ವರ್ಷದಲ್ಲಿ ಹೊಸ ಮಲೇರಿಯಾ ಬಹುತೇಕ ನಿಂತಿತು.

ಭಾರತದಲ್ಲಿ ಹೀಗಾಗಲಿಲ್ಲ. ಲಾಹೋರ್ ಬಳಿಯ ಮಿಯಾನ್ ಮೀರ್ ದಂಡಿನ ಊರಿನಲ್ಲಿ 1902ರಿಂದ ನಡೆದ ಪ್ರಯೋಗ ಸೋತಿತು. ಸೊಳ್ಳೆ ಓಡಿಸುವುದು ಇಲ್ಲಿ ಆಗುವ ಹೋಗುವ ಮಾತಲ್ಲ, ಕ್ವಿನೈನ್ ಹಂಚಿದರೆ ಸಾಕು ಎಂಬ ಕಡೆಗೆ ಅಧಿಕಾರಿಗಳು ವಾಲಿದರು. ಅಂಗೈ ಅಗಲದ ಜಾಗದಲ್ಲಿ, ಅರೆಬರೆ ದುಡ್ಡಿನಲ್ಲಿ ಮಾಡಿದ ಕೆಲಸವನ್ನು ನೋಡಿ ದೇಶಕ್ಕೇ ಆಗದು ಎನ್ನುವುದೇ ಎಂದು ರಾಸ್ ವರ್ಷಗಟ್ಟಲೆ ಕಿಡಿ ಕಾರಿದರು.

ಈ ಜಗಳದಿಂದಲೇ ಅವರ ಇನ್ನೊಂದು ದೊಡ್ಡ ಕೆಲಸ ಹುಟ್ಟಿತು. ಎದುರಾಳಿಗಳ ವಾದ ಇದು: ಎಲ್ಲ ಸೊಳ್ಳೆ ಕೊಲ್ಲಲು ಆಗದು, ಆದ್ದರಿಂದ ಕೊಲ್ಲುವುದೇ ದಂಡ. ರಾಸ್ ಕಾಗದ ಪೆನ್ಸಿಲ್ ಹಿಡಿದರು. ಮಾರಿಷಸ್ ದ್ವೀಪದ ಮೇಲೆ 1908ರಲ್ಲಿ ಬರೆದ ವರದಿಯಲ್ಲಿ, ಆಮೇಲೆ 1911ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಸೊಳ್ಳೆಗಳಲ್ಲಿ ಮನುಷ್ಯನನ್ನು ಕಚ್ಚಲು ಸಿಗುವುದು ನಾಲ್ಕರಲ್ಲಿ ಒಂದಕ್ಕೆ, ಜೀವಿ ಒಳಗೆ ಮಾಗುವತನಕ ಬದುಕಿ ಉಳಿಯುವುದು ಮೂರರಲ್ಲಿ ಒಂದು, ಇದು ಅವರ ಅಂದಾಜು. ಕಚ್ಚಿದವರೆಲ್ಲ ರೋಗಿಗಳೂ ಅಲ್ಲ. ಹೀಗಾಗಿ ರೋಗ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಬಹಳಷ್ಟು ಸೊಳ್ಳೆ ಬೇಕು. ಅಂಗಡಿಯ ಜಮಾಖರ್ಚು ಇದ್ದ ಹಾಗೆ ನೋಡಿದರೆ, ಹೊಸ ರೋಗಿಗಳು ಜಮಾ, ಗುಣವಾದವರು ಖರ್ಚು. ಸೊಳ್ಳೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಖರ್ಚು ಹೆಚ್ಚಾಗಿ ರೋಗದ ಖಾತೆ ತಾನೇ ಮುಚ್ಚುತ್ತದೆ. ಕೊನೆಯ ಸೊಳ್ಳೆಯ ತನಕ ಹೋಗಬೇಕಿಲ್ಲ. 2020ರ ಕೊರೊನಾದಲ್ಲಿ ಒಬ್ಬ ರೋಗಿಯಿಂದ ಎಷ್ಟು ಮಂದಿಗೆ ಎಂಬ ಲೆಕ್ಕ ಟಿವಿಯಲ್ಲಿ ದಿನಾ ಕೇಳಿಬಂತಲ್ಲ, ಅದರ ಬೇರು ಹುಡುಕಿದರೆ ಈ ಕಾಗದಕ್ಕೇ ಬರಬೇಕು.

ಮನೆಮಂದಿಗೆ ಈ ಲೆಕ್ಕದ ಅರ್ಥ ದೊಡ್ಡದು. ಪಕ್ಕದ ಮನೆಯವರು ಚೆಲ್ಲುವುದಿಲ್ಲ, ನಾವೊಬ್ಬರೇ ಚೆಲ್ಲಿ ಏನು ಉಪಯೋಗ ಎಂಬುದು ಎಲ್ಲ ಓಣಿಗಳ ಮಾತು. ಓಣಿಯ ಎಲ್ಲ ಮನೆ ಒಪ್ಪದಿದ್ದರೂ ಬಹಳಷ್ಟು ಮನೆ ಒಪ್ಪಿದರೆ ಫರಕು ಬೀಳುತ್ತದೆ.

ಚೆಲ್ಲಲಾಗದಿದ್ದರೆ ಸೋಸಿರಿ

ಬೇಸಿಗೆ ಮುಗಿದು ಮಳೆ ಹಿಡಿಯುವ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಪಾತ್ರೆ ಒಣಗಿಸಿರಿ ಎನ್ನುವುದು ಇದಕ್ಕೇ. ನೀರು ಚೆಲ್ಲಲು ಜೀವ ಒಪ್ಪದಿದ್ದರೆ ಹಳೆ ಧೋತರ ಅಥವಾ ಸೀರೆ ಕಟ್ಟಿ ಇನ್ನೊಂದು ಪಾತ್ರೆಗೆ ಸೋಸಿಕೊಳ್ಳಬಹುದು. ಬಟ್ಟೆಯಲ್ಲಿ ಉಳಿದ ಹುಳವನ್ನು ಗಟಾರಕ್ಕೆ ಒಗೆಯದೆ ಒಣ ಮಣ್ಣಿಗೆ ಜಾಡಿಸಬೇಕು, ಬಿಸಿಲಿಗೆ ಸಾಯುತ್ತವೆ. ಖಾಲಿ ಮಾಡಿದ ಬ್ಯಾರೆಲ್ಲಿನ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಲೇಬೇಕು. ಡೆಂಗಿ, ಚಿಕೂನ್‌ಗುನ್ಯಾ ತರುವ ಪಟ್ಟೆಕಾಲಿನ ಸೊಳ್ಳೆ ಮೊಟ್ಟೆಯನ್ನು ನೀರಿನ ಮಟ್ಟದ ಮೇಲೆ ಗೋಡೆಗೆ ಅಂಟಿಸುತ್ತದೆ. ಅವು ತಿಂಗಳುಗಟ್ಟಲೆ ಒಣಗಿದ್ದೂ ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಸುಮ್ಮನೆ ಚೆಲ್ಲಿ ತುಂಬಿದರೆ ಅರ್ಧ ಕೆಲಸ ಮಾತ್ರ. ತೊಳೆಯಲಾಗದ ದೊಡ್ಡ ಹೌದಕ್ಕೆ, ಹಾಳು ಬಾವಿಗೆ ಗಪ್ಪಿ ಮೀನು. ಟಾಕಿಯ ಮೇಲೆ ಬಟ್ಟೆ ಬಿಗಿದು ಕಟ್ಟಬೇಕು, ಏಕೆಂದರೆ ಪಟ್ಟಣದ ಮಲೇರಿಯಾ ಸೊಳ್ಳೆಗೆ ತಿಳಿನೀರಿನ ಟಾಕಿ, ಬಾವಿ ಎಂದರೆ ಬಲು ಪ್ರೀತಿ.

ಮಲೇರಿಯಾ ಸೊಳ್ಳೆ ರಾತ್ರಿ ಕಚ್ಚಿದರೆ ಡೆಂಗಿಯದು ಹಗಲಲ್ಲಿ. ಮಧ್ಯಾಹ್ನ ಮಲಗುವ ಕೂಸಿಗೂ ಪರದೆ ಬೇಕು. 2006ರಲ್ಲಿ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಮೂರೂ ಕಡೆ ಚಿಕೂನ್‌ಗುನ್ಯಾ ಎದ್ದು ಮನೆಮಂದಿಯೆಲ್ಲ ಕೀಲು ಹಿಡಿದು ಕೂತದ್ದನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಜ್ವರ ಬಂದರೆ ಗುಳಿಗೆ ನುಂಗಿ ಸುಮ್ಮನಾಗದೆ ಸರಕಾರಿ ದವಾಖಾನೆಯಲ್ಲಿ ರಕ್ತ ತೋರಿಸಬೇಕು. ಮಲೇರಿಯಾ ಇದ್ದರೆ ಬೆರಳ ತುದಿಯ ಒಂದು ಹನಿ ಸಾಕು, ರಾಸ್ ನೋಡುತ್ತಿದ್ದದ್ದೂ ಅಷ್ಟೇ ಹನಿಯನ್ನು.

ಕಾಗದಪತ್ರ ಮಾರಿದ ಮುದುಕ

ನೊಬೆಲ್ ಬಂತು, 1911ರಲ್ಲಿ ಸರ್ ಪದವಿ ಬಂತು. ಭಾರತದಲ್ಲಿ ಹುಟ್ಟಿ ನೊಬೆಲ್ ಪಡೆದ ಮೊದಲಿಗರು ಅವರೇ. ಆದರೂ ಜಗತ್ತು ತನಗೆ ಕೊಡಬೇಕಾದದ್ದು ಕೊಡಲಿಲ್ಲ ಎಂಬ ಕಹಿ ಹೋಗಲಿಲ್ಲ. ಸ್ವಭಾವವೂ ಸಿಡುಕು. ಮಲೇರಿಯಾ ಅಳಿಸಲು ಹಣ ಕೇಳಿದಲ್ಲೆಲ್ಲ ಜಗಳ. 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆ ತೆರೆಯಿತು. 1927ರ ಜನವರಿಯಲ್ಲಿ ಕಲಕತ್ತೆಗೆ ಬಂದು, ತಾವು ದುಡಿದ ಆಸ್ಪತ್ರೆಯ ಗೋಡೆಗೆ ಕಟ್ಟಿದ ಸ್ಮಾರಕ ಬಾಗಿಲ ಉದ್ಘಾಟನೆಯನ್ನು ತಾವೇ ನಿಂತು ನೋಡಿದರು. ಅದೇ ವರ್ಷ ಪಾರ್ಶ್ವವಾಯು ಹೊಡೆಯಿತು. 1928ರಲ್ಲಿ ಕೈ ಬಿಗಿಯಾಗಿ, ತಮ್ಮ ಪತ್ರ, ಟಿಪ್ಪಣಿಗಳೆಲ್ಲ ಮಾರಾಟಕ್ಕಿವೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಲೇಡಿ ಹೂಸ್ಟನ್ ಎಂಬ ಶ್ರೀಮಂತ ಮಹಿಳೆ 2000 ಪೌಂಡಿಗೆ ಕೊಂಡು ಉಳಿಸಿದರು.

1931ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ ಸೆಪ್ಟೆಂಬರ್ 16ರಂದು ರಾಸ್ ತಮ್ಮ ಹೆಸರಿನ ಸಂಸ್ಥೆಯಲ್ಲೇ ಕಣ್ಣು ಮುಚ್ಚಿದರು. ಪಟ್ನಿ ವೇಲ್ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಸೊಳ್ಳೆ ಕೊಯ್ದ ಬೇಗಂಪೇಟೆಯ ಕಟ್ಟಡ ಹೈದರಾಬಾದಿನಲ್ಲಿ ಉಳಿದಿದೆ. ಅದೇ ಊರಿನ ನಲ್ಲಕುಂಟದಲ್ಲಿರುವ, ಮಂದಿ ಫೀವರ್ ಆಸ್ಪತ್ರೆ ಎಂದೇ ಕರೆಯುವ ಸರಕಾರಿ ದವಾಖಾನೆಗೂ ಅವರದೇ ಹೆಸರಿಟ್ಟಿದ್ದಾರೆ.